ಅಕ್ಕನ ಪೆಟ್ಟಿಗೆಯಲ್ಲಿ ಈರುಳ್ಳಿ

ಟಕ್, ಟಕ್. ಟಕ್, ಟಕ್.

ಗಡಿಯಾರವಲ್ಲ, ಮರಕುಟಿಗವೂ ಅಲ್ಲ. ನಮ್ಮ ಅಕ್ಕನ ಬೆರಳ ಗೆಣ್ಣು! ಗುಂಡ್ಲುಪೇಟೆಯ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಚರ್ಚಿನ ಗಂಟೆಯಿಂದಲ್ಲ, ಈ ಸದ್ದಿನಿಂದ. ಎಸೆಯಲೆಂದು ಹಿತ್ತಿಲ ಬಾಗಿಲಲ್ಲಿ ನಾನು ಇಟ್ಟಿದ್ದ ಬಕೆಟ್ಟೋ, ಕಾಲು ಮುರಿದ ಸ್ಟೂಲೋ, ಬಿಸ್ಕತ್ತಿನ ಡಬ್ಬವೋ ಅವರ ಕೈಗೆ ಸಿಕ್ಕಿದೆ ಎಂದು ಅರ್ಥ. ಡಾಕ್ಟರು ರೋಗಿಯ ಎದೆ ತಟ್ಟಿ ನೋಡುವ ಹಾಗೆ ಬಾಗಿ, ಕಿವಿಗೊಟ್ಟು, ತಟ್ಟಿ, ಆಮೇಲೆ ತೀರ್ಪು: "ಇನ್ನೂ ಗಟ್ಟಿಯಾಗದೆ ಕಣಮ್ಮಿ. ಇದಕ್ಕೇನು ಬಂದದೆ ರೋಗ?"

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಓರಗಿತ್ತಿ; ನಮ್ಮ ಯಜಮಾನರ ಅಣ್ಣನ ಹೆಂಡತಿ. ತವರು ಹಂಗಳ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಕೈಯಲ್ಲಿ ಫೋರ್ಕು ಹಿಡಿಯಲು ಕಲಿಯುತ್ತಿದ್ದ ಕಾಲದಲ್ಲಿ ಅವರು ಕಾಡಂಚಿನ ಹೊಲದಲ್ಲಿ ತಮಟೆ ಬಡಿದು ಆನೆ ಓಡಿಸುತ್ತಿದ್ದರು. ಇಂಥ ಇಬ್ಬರನ್ನು ಒಂದೇ ಅಡುಗೆಮನೆಗೆ ತಂದು ಬಿಟ್ಟ ದೇವರ ಸೆನ್ಸ್ ಆಫ್ ಹ್ಯೂಮರ್ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ.

ನಮ್ಮ ಪ್ಯಾರಿಷ್‌ನಲ್ಲಿ ಫಾದರ್‌ಗೆ ಹೆದರದವರಿದ್ದರು, ದೇವರಿಗೆ ಹೆದರದವರೂ ಇದ್ದರು. ಅಕ್ಕನಿಗೆ ಹೆದರದವರು ಮಾತ್ರ ಒಬ್ಬರೂ ಇರಲಿಲ್ಲ! ಹಾಗೆಂದು ಅವರು ಯಾರನ್ನೂ ಬೈದವರಲ್ಲ. ಬರೀ ನೋಡುತ್ತಿದ್ದರು. ಕೈಯಲ್ಲಿ ಎಸೆಯುವ ವಸ್ತು ಹಿಡಿದು ಆ ನೋಟಕ್ಕೆ ಸಿಕ್ಕಿಬಿದ್ದವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೇ ವಾಪಸ್ ಒಯ್ಯುತ್ತಿದ್ದರು.

ಇವರ ಕಾಟ ಮನೆಯ ಹೊಸಿಲು ದಾಟಿ ಚರ್ಚಿಗೆ ಕಾಲಿಟ್ಟದ್ದು ಒಂದು ಹಬ್ಬದ ಊಟದಿಂದ. ಪಾಲಕ ಸಂತರ ಹಬ್ಬಕ್ಕೆ ಬಫೆ ಇಟ್ಟಿದ್ದೆವು. ನಿಂತು ಉಣ್ಣುವವರಿಗೆ ಬಾಳೆಎಲೆ ಆಗುತ್ತದೆಯೇ? ಥರ್ಮೋಕೋಲ್ ತಟ್ಟೆ ತರಿಸಿದ್ದಾಯಿತು. ಊಟ ಮುಗಿಯುವ ಹೊತ್ತಿಗೆ ಗಾಳಿ ಎದ್ದು, ತಟ್ಟೆಗಳೆಲ್ಲ ಊಟಿ ರಸ್ತೆಯವರೆಗೂ ಪಾರಿವಾಳಗಳಂತೆ ಹಾರಿದವು. ಅಕ್ಕ ಸೀರೆ ಎತ್ತಿ ಕಟ್ಟಿ ಒಬ್ಬರೇ ಅಷ್ಟನ್ನೂ ಹೆಕ್ಕಿ ತಂದರು. ಮುಂದಿನ ವರ್ಷ ಹುಕುಂ ಹೊರಟಿತು: ಅವರವರ ತಟ್ಟೆ ಅವರವರೇ ತರತಕ್ಕದ್ದು.

ತಂದೆವು. ಆದರೆ ನಾವು ಎಂಥ ಜನ! ರಸ್ತೆ ಕಂಟ್ರಾಕ್ಟರ್ ಮನೆಯವರು ಬೆಳ್ಳಿ ತಟ್ಟೆ ತಂದರು. ನಾನೇನು ಕಡಿಮೆಯೇ? ಮದುವೆಗೆ ಬಂದಿದ್ದ ಬೋನ್ ಚೈನಾ, ಸುತ್ತಲೂ ನೀಲಿ ಹೂ. ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರು ತಮ್ಮ ನೆಗ್ಗಿದ ಅಲ್ಯೂಮಿನಿಯಂ ತಟ್ಟೆಗಳನ್ನು ಸೆರಗಿನಡಿ ಮುಚ್ಚಿಕೊಂಡು ಹಿಂದೆ ನಿಂತರು. ಅಕ್ಕ ಒಂದು ಗಳಿಗೆ ನೋಡಿದರು. ಒಂದು ದೊಡ್ಡ ಕುಕ್ಕೆ ತಂದು ನಡುವೆ ಇಟ್ಟರು.

"ಎಲ್ಲಾ ಇದರೊಳಕ್ಕೆ ಆಕಿ. ಈಗ ಕಣ್ಮುಚ್ಚಿ ಒಂದೊಂದು ಎತ್ಕಳಿ!"

ಫಾದರ್‌ಗೆ ಮಿಕ್ಕಿ ಮೌಸ್ ತಟ್ಟೆ ಬಂತು. ಕಂಟ್ರಾಕ್ಟರಿಗೆ ಬಂದದ್ದು ನೆಗ್ಗಿದ ಅಲ್ಯೂಮಿನಿಯಂ. ನನ್ನ ಬೋನ್ ಚೈನಾ ಒಬ್ಬ ಕೂಲಿ ಹೆಂಗಸಿನ ಪಾಲಾಯಿತು. ಆಕೆ ಅದನ್ನು ಅತ್ತಿತ್ತ ತಿರುಗಿಸಿ ನನಗೇ ದೂರು ಹೇಳಿದಳು: "ಇದೇನವ್ವ ಈ ತಟ್ಟೆ, ಅಂಚೇ ಇಲ್ಲ. ಸಾರು ನಿಲ್ಲಕಿಲ್ಲ!"

ಎರಡನೆಯದು ಬೂದಿ ಬುಧವಾರದ ಕಥೆ. ನಮ್ಮಲ್ಲಿ ಗರಿಗಳ ಭಾನುವಾರದಂದು ಆಶೀರ್ವದಿಸಿ ಕೊಟ್ಟ ಗರಿಯನ್ನು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿ, ವರ್ಷವಿಡೀ ಇಟ್ಟು, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗುವ ಮುಂಚೆ ಚರ್ಚಿಗೆ ಹಿಂತಿರುಗಿಸುತ್ತೇವೆ. ಅದನ್ನೇ ಸುಟ್ಟ ಬೂದಿ ನಮ್ಮ ಹಣೆಗೆ. ಸುಡುವ ಕೆಲಸ ಅಕ್ಕನದು. ಆ ವರ್ಷ ಕಂಟ್ರಾಕ್ಟರ್ ಹೆಂಡತಿ, ನಿಜವಾದ ಗರಿ ಒಣಗಿ ಗೋಡೆಯೆಲ್ಲ ಧೂಳಾಗುತ್ತದೆಂದು, ಮೈಸೂರಿನಿಂದ ತಂದ ಪ್ಲಾಸ್ಟಿಕ್ ಗರಿ ಸಿಕ್ಕಿಸಿದ್ದರು. ವಾಪಸ್ ಬಂದದ್ದೂ ಅದೇ! ಕುಂಬಳಕಾಯಿಯನ್ನೂ ತಟ್ಟಿ ನೋಡುವ ಅಕ್ಕ ಗರಿಯ ಕಟ್ಟನ್ನು ತಟ್ಟಿ ನೋಡಲಿಲ್ಲ. ಸುಟ್ಟರು, ಅರೆದರು, ಬೆಳ್ಳಿ ಬಟ್ಟಲಿಗೆ ತುಂಬಿದರು.

ಬೂದಿ ಯಾಕೋ ಮಿರಮಿರ ಮಿಂಚುತ್ತಿತ್ತು. ಫಾದರ್ ಹೆಬ್ಬೆಟ್ಟು ಒತ್ತಿ "ನೀನು ಮಣ್ಣು, ಮಣ್ಣಿಗೇ ಮರಳುವೆ" ಎಂದು ಎಲ್ಲರ ಹಣೆಗೂ ಶಿಲುಬೆ ಎಳೆದರು. ಎಳೆದದ್ದು ಎಳೆದ ಹಾಗೇ ನಿಂತಿತು! ಸೋಪಿಗೆ ಹೋಗಲಿಲ್ಲ, ಕಡಲೆಹಿಟ್ಟಿಗೆ ಹೋಗಲಿಲ್ಲ, ಸೀಮೆಎಣ್ಣೆಗೂ ಜಗ್ಗಲಿಲ್ಲ. ಮಾರ್ಕೆಟ್ಟಿನಲ್ಲಿ ಹೂವಿನವನು ಕೇಳಿದ, "ಏನ್ ಮೇಡಂ, ಈ ವಯಸ್ನಾಗೆ ಅಚ್ಚೆ ಆಕಿಸ್ಕಂಡ್ರಾ?" ನಮ್ಮ ಪ್ಯಾರಿಷ್ ಅಷ್ಟು ದೀರ್ಘವಾಗಿ ಪಶ್ಚಾತ್ತಾಪಪಟ್ಟದ್ದು ಚರಿತ್ರೆಯಲ್ಲೇ ಇಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಅಕ್ಕ ಎದ್ದು ನಿಂತರು. ಹಣೆಯ ಮೇಲೆ ಕರೀ ಶಿಲುಬೆ ಹೊಳೆಯುತ್ತಿತ್ತು. "ತಪ್ಪು ನಂದೂ ಅದೆ. ಆದ್ರೆ ಒಂದು ಮಾತು. ಮಣ್ಣಿಗೆ ಓಗಕ್ಕೆ ಒಪ್ಪದೇ ಇರೋದನ್ನ ದೇವ್ರ ಮುಂದೆ ಯಾಕವ್ವ ಮಡಗೀರಿ?"

ಅಂದಿನಿಂದ ಪೀಠದ ಮೇಲಿನ ಪ್ಲಾಸ್ಟಿಕ್ ಲಿಲ್ಲಿಗಳು ಮಾಯವಾದವು. ಹಂಗಳದ ಹೊಲಗಳಿಂದ ಚೆಂಡುಹೂ ಬಂತು. ಬಾಡಿದ ಮೇಲೆ ಅದು ಚರ್ಚಿನ ಹಿಂದಿನ ಗುಂಡಿಗೆ, ಗುಂಡಿಯಿಂದ ಬದನೆ ಪಾತಿಗೆ.

ಬದನೆಕಾಯಿಯದೇ ಇನ್ನೊಂದು ಕಥೆ. ಅಕ್ಕನ ಹುಕುಂ: ಬೆಳೆದವರು ಭಾನುವಾರ ತರಕಾರಿ ತಂದು ಕುಕ್ಕೆಯಲ್ಲಿಡಬೇಕು, ಬೇಕಾದವರು ಒಯ್ಯಬೇಕು. ಇಡುವವರು ಸಾಲುಗಟ್ಟಿದರು, ಒಯ್ಯುವವರು ಬರಲೇ ಇಲ್ಲ. ನಾನು ಹೇಳಿದೆ, "ಅಕ್ಕ, ದೇ ಆರ್ ಅಶೇಮ್ಡ್. ಎಲ್ಲರ ಕಣ್ಣ ಮುಂದೆ ಯಾರು ಕೈ ಚಾಚುತ್ತಾರೆ?"

"ಅಂಗಾದ್ರೆ ಕಣ್ಣು ತಿರುಗಿಸನ ಬುಡು!"

ಮುಂದಿನ ವಾರದಿಂದ ಹೊಸ ಪದ್ಧತಿ. ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಅಂಗಳದ ದೇವಮಾತೆಯ ಗವಿಯತ್ತ ಮುಖ ಮಾಡಿ, ಕುಕ್ಕೆಗಳಿಗೆ ಬೆನ್ನು ಹಾಕಿ, ಜಪಸರದ ಒಂದು ಸುತ್ತು ಹೇಳಬೇಕು. ಅಷ್ಟರಲ್ಲಿ ಬೇಕಾದವರು ಒಯ್ಯಬಹುದು. ತಿರುಗಿ ನೋಡಿದವರಿಗೆ ಅಕ್ಕನ ನೋಟ! ನಾನು ಒಂದೇ ಒಂದು ಸಲ, ಕುತೂಹಲ ತಡೆಯಲಾರದೆ, ಕನ್ನಡಕ ಒರೆಸುವ ನೆಪದಲ್ಲಿ ಗಾಜಿನಲ್ಲಿ ಹಿಂದೆ ನೋಡಿದೆ. ಬದನೆಕಾಯಿ ಆರಿಸಿ ಜೋಬಿಗೆ ತುಂಬಿಕೊಳ್ಳುತ್ತಿದ್ದವರು ನಮ್ಮ ಫಾದರ್!

ನಗುತ್ತಲೇ ಇದ್ದೆವು ನಾವು, ಒಂದು ಸಾವಿನವರೆಗೆ. ಹೂವಿನ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಒಬ್ಬ ತೀರಿಕೊಂಡ. ಹೆಂಡತಿ ಮನೆಯಲ್ಲಿದ್ದ ಒಂದೇ ಕರುವನ್ನು ಮಾರಿ, ಪಾಲಿಶ್ ಹೊಡೆದ, ಹಿತ್ತಾಳೆ ಹಿಡಿಯ ಶವಪೆಟ್ಟಿಗೆ ತರಿಸಿದಳು. "ಸಾವಕಾರ್ರ ಪೆಟ್ಗೆ ನೋಡಿದ ಜನ ನಮ್ಮ ಯಜಮಾನ್ರ ಪೆಟ್ಗೆ ನೋಡಿ ನಗಬಾರ್ದಲ್ವ?" ಎಂದು ಅತ್ತಳು. ಹೊಳೆಯುವ ಆ ಪೆಟ್ಟಿಗೆ ಮಣ್ಣಿಗಿಳಿಯುವುದನ್ನು ನೋಡುತ್ತಾ ಅಕ್ಕ ನಿಂತಿದ್ದರು. ಮನೆಗೆ ಬಂದ ಮೇಲೂ ಏನನ್ನೂ ತಟ್ಟಲಿಲ್ಲ. ನನಗೆ ಭಯವಾಯಿತು.

ಆ ವಾರ ಚಾಮರಾಜನಗರದಲ್ಲಿ ಬೀರು ರಿಪೇರಿಗೆಂದು ನಮ್ಮ ಬಡಗಿಯ ಅಂಗಡಿಗೆ ಹೋಗಿದ್ದೆವು. ಬಡಗಿ ಸಾಬರು, ವಯಸ್ಸಾದವರು. ಅಕ್ಕ ಕರುವಿನ ಕಥೆ ಹೇಳಿದರು. ಅವರು ಉಳಿ ಕೆಳಗಿಟ್ಟು ಅಂದರು, "ನಮ್ಮಲ್ಲಿ ಮಸೀದಿಗೆ ಒಂದೇ ಪೆಟ್ಗೆ ಅಲ್ವ ಅಮ್ಮ. ಸಾಹುಕಾರನಿಗೂ ಅದೇ, ತಳ್ಳುಗಾಡಿಯವನಿಗೂ ಅದೇ. ಹೊತ್ಕೊಂಡು ಹೋಗ್ತೀವಿ, ಬಟ್ಟೇಲಿ ಮಣ್ಣು ಮಾಡ್ತೀವಿ, ಪೆಟ್ಗೆ ವಾಪಸ್ ತರ್ತೀವಿ."

ಅಕ್ಕ ಪಕ್ಕದಲ್ಲಿದ್ದ ಹಲಗೆಯನ್ನು ತಟ್ಟಿದರು. ಟಕ್, ಟಕ್. "ನಮಗ್ಯಾಕೆ ಬರ್ನಿಲ್ಲ ಭಾಯಿ ಈ ಬುದ್ಧಿ?"

ಮರಕ್ಕೆ ಎಲ್ಲೂ ಹೋಗಬೇಕಾಗಲಿಲ್ಲ. ಚರ್ಚಿನ ಹಳೆಯ ಪಾಪನಿವೇದನೆಯ ಗೂಡನ್ನು, ಅದೇ ಕನ್ಫೆಷನಲ್, ಹೊಸ ಫ್ಯಾಷನ್‌ಗೆ ಹೊಂದುವುದಿಲ್ಲವೆಂದು ಉಗ್ರಾಣಕ್ಕೆ ತಳ್ಳಿದ್ದರು. ಅಸಲಿ ತೇಗ! ಅದನ್ನೇ ಬಿಚ್ಚಿ ಸಾಬರು ಪೆಟ್ಟಿಗೆ ಮಾಡಿದರು. ಉದ್ದಕ್ಕೆ ಅಳತೆ ಅಕ್ಕನದೇ. ನಮ್ಮ ಪ್ಯಾರಿಷ್‌ನಲ್ಲಿ ಅವರಿಗಿಂತ ಎತ್ತರದ ಹೆಂಗಸರಿರಲಿಲ್ಲ, ಗಂಡಸರೂ ಕಡಿಮೆ. "ನಾ ಇಡಿಸುದ್ರೆ ಎಲ್ರೂ ಇಡೀತಾರೆ" ಎಂದು ಒಳಗೆ ಮಲಗಿಯೇ ತೋರಿಸಿದರು. ಸಾಬರು "ತೋಬಾ ತೋಬಾ" ಎಂದು ಅಂಗಡಿಯಿಂದ ಹೊರಗೆ ಓಡಿದರು!

ಪ್ಯಾರಿಷ್ ಕೌನ್ಸಿಲ್‌ನಲ್ಲಿ ಗದ್ದಲವೋ ಗದ್ದಲ. "ನನ್ನ ಪಾಪವೆಲ್ಲ ಕೇಳಿಸಿಕೊಂಡ ಮರ ಅದು, ಅದರೊಳಗೆ ನೆಮ್ಮದಿಯಾಗಿ ಮಲಗೋದು ಹೇಗೆ?" ಎಂದು ಕಂಟ್ರಾಕ್ಟರ್ ಕೇಳಿದರು.

"ಇಷ್ಟು ವರ್ಷ ಗುಟ್ಟು ಬುಟ್ಟಿಲ್ಲ, ಇನ್ನು ಬುಟ್ಟದಾ?" ಅಂದರು ಅಕ್ಕ.

ವಯನಾಡಿನ ಕಡೆಯ ನಮ್ಮ ಫಾದರ್ ಒಪ್ಪಿದರು. ಪೆಟ್ಟಿಗೆ ಎಲ್ಲರದೂ, ಗುಂಡಿಯ ಬಳಿ ದೇಹವನ್ನು ಚಾಪೆಯಲ್ಲಿ ಸುತ್ತಿ ಇಳಿಸುವುದು, ಪೆಟ್ಟಿಗೆ ಮರಳಿ ಚರ್ಚಿಗೆ. ಎಲ್ಲ ಸರಿ. ಆದರೆ ಮೊದಲು ಯಾರು?

ಇದೇ ಅಕ್ಕನ ನಿದ್ದೆ ಕೆಡಿಸಿದ ಪ್ರಶ್ನೆ. ಮಳೆಗಾಲದಲ್ಲಿ ಒಬ್ಬ ಬಡ ಮುದುಕ ತೀರಿಕೊಂಡಾಗ ಮನೆಯವರು ಪೆಟ್ಟಿಗೆ ಕೇಳಿಕೊಂಡು ಬಂದರು. ಅಕ್ಕ ಕೊಡಲಿಲ್ಲ! ತಮ್ಮ ಕೈಯಿಂದಲೇ ದುಡ್ಡು ಹಾಕಿ ಪಾಲಿಶ್ ಪೆಟ್ಟಿಗೆ ತರಿಸಿಕೊಟ್ಟರು. ನಾನು ದಂಗಾದೆ.

"ಮೊದ್ಲು ಇವ್ನು ಓದ್ರೆ ಅದು ಬಡವ್ರ ಪೆಟ್ಗೆ ಆಗೋಯ್ತದೆ ಕಣಮ್ಮಿ. ಆಮೇಕೆ ಉಳ್ಳವ್ರು ಯಾರೂ ಮುಟ್ಟಕಿಲ್ಲ, ಇಲ್ಲದವ್ರೂ ನಾಚ್ಕತಾರೆ. ಉಳ್ಳವ್ರೇ ಮೊದ್ಲು ಓಗಬೇಕು."

ಅಲ್ಲಿಂದ ಶುರುವಾಯಿತು ನೋಡಿ! ಪೂಜೆ ಮುಗಿದೊಡನೆ ಅಕ್ಕ ಅನುಕೂಲವಂತ ಮುದುಕರನ್ನೆಲ್ಲ ತಲೆಯಿಂದ ಕಾಲಿನವರೆಗೆ ಕಣ್ಣಲ್ಲೇ ಅಳೆಯುತ್ತಾ ಕುಶಲ ವಿಚಾರಿಸುತ್ತಿದ್ದರು. "ಶುಗರ್ ಎಂಗದೆ ಈಗ?" "ಎದೆನೋವು ಮತ್ತೆ ಬಂದಿತ್ತಾ?" ಬೈಪಾಸ್ ಆಗಿದ್ದ ಕಂಟ್ರಾಕ್ಟರ್ ಪಕ್ಕದ ಬಾಗಿಲಿನಿಂದ ನುಸುಳುವುದನ್ನು ರೂಢಿ ಮಾಡಿಕೊಂಡರು. "ನಿಮ್ಮಕ್ಕ ನನ್ನ ನೋಡಿದ್ರೆ ಬಿ.ಪಿ. ಏರುತ್ತೆ ಮೇಡಂ" ಎಂದು ನನ್ನಲ್ಲಿ ಗೋಳಾಡಿದರು.

ಪೆಟ್ಟಿಗೆ ಮಾತ್ರ ಉಗ್ರಾಣದಲ್ಲಿ ಖಾಲಿ. ಖಾಲಿ? ಅಕ್ಕ ಖಾಲಿ ಬಿಟ್ಟಾರೆಯೇ! ಆ ಸಲ ಸಣ್ಣ ಈರುಳ್ಳಿ ಕುಕ್ಕೆ ಮೀರಿ ಬಂದಿತ್ತು. ಅಷ್ಟನ್ನೂ ಪೆಟ್ಟಿಗೆಗೆ ತುಂಬಿಸಿದರು. ಫಾದರ್ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಮ್ಮಚ್ಚೀ, ಮಂತ್ರಜಲ ಹಾಕಿ ಆಶೀರ್ವಾದ ಮಾಡಿದ ಪೆಟ್ಟಿಗೆ ಅದು!"

"ಈರುಳ್ಳಿಗೂ ಆಶೀರ್ವಾದ ತಗಲಲಿ ಬುಡಿ ಫಾದರ್. ಸುಮ್ನೆ ಮಡಗಿದ್ರೆ ಗೆದ್ದಲು ತಿಂತದೆ."

ಹೋದ ವರ್ಷ ತಪಸ್ಸು ಕಾಲದ ಒಂದು ಬೆಳಗ್ಗೆ ನನಗೆ ತಡವಾಗಿ ಎಚ್ಚರವಾಯಿತು. ಯಾಕೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಸದ್ದಿರಲಿಲ್ಲ. ಅಕ್ಕ ಹಿತ್ತಿಲ ಜಗಲಿಯಲ್ಲಿ, ಗೋಡೆಗೊರಗಿ, ನಾನು ಎಸೆದಿದ್ದ ಹಳೆಯ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಹೊರಟುಹೋಗಿದ್ದರು.

ಅಕ್ಕನ ಮಗ ಚಾಮರಾಜನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನು ಬರುವ ಮೊದಲೇ, ಅವನು ಹೇಳಿದ್ದ ಪೆಟ್ಟಿಗೆ ಹೊತ್ತು ಮೈಸೂರಿನಿಂದ ವ್ಯಾನು ಬಂತು: ಒಳಗೆ ಬಿಳಿ ಸ್ಯಾಟಿನ್, ಹೊರಗೆ ಬಂಗಾರದ ಬಣ್ಣದ ಹಿಡಿ. ನಿಜ ಹೇಳುತ್ತೇನೆ, ಇಟ್ ವಾಸ್ ಬ್ಯೂಟಿಫುಲ್.

"ಬೇಡ ಮಗಾ. ಅವರ ಪೆಟ್ಟಿಗೆ ಚರ್ಚಿನಲ್ಲಿದೆ" ಅಂದೆ.

"ಚಿಕ್ಕಮ್ಮ, ಈರುಳ್ಳಿ ತುಂಬಿರೋ ಪೆಟ್ಗೇಲಿ ನಮ್ಮವ್ವನ್ನ ಕಳಿಸ್ಲಾ? ಜನ ಏನಂದಾರು? ಮಗ ಒಂದು ಪೆಟ್ಗೆನೂ ಕೊಡಿಸ್ನಿಲ್ಲ ಅನ್ನಕಿಲ್ವಾ?"

"ಅಂತಾರೆ. ಆದರೆ ಇವತ್ತು ಇವರು ಅದರಲ್ಲಿ ಹೋಗದಿದ್ದರೆ ಇನ್ನು ಯಾರೂ ಹೋಗುವುದಿಲ್ಲ. ಮತ್ತೆ ಯಾವಳೋ ಕರು ಮಾರುತ್ತಾಳೆ."

ಅವನು ಚರ್ಚಿನ ಕಡೆ ನಡೆದ. ನಾನು ಹಿಂದೆ ಹೋದೆ. ಉಗ್ರಾಣದಲ್ಲಿ ಪೆಟ್ಟಿಗೆಯ ಮುಂದೆ ನಿಂತ. ಆಮೇಲೆ, ತಾನು ಮಾಡುತ್ತಿರುವುದು ಏನೆಂಬುದು ತನಗೇ ಗೊತ್ತಿಲ್ಲದವನಂತೆ, ಬಾಗಿ, ಬೆರಳ ಗೆಣ್ಣಿನಿಂದ ತಟ್ಟಿದ. ಟಕ್, ಟಕ್.

"ಗಟ್ಟಿಯಾಗದೆ ಚಿಕ್ಕಮ್ಮ" ಎಂದವನು ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಹೆಂಗಸರೆಲ್ಲ ಸೇರಿ ಈರುಳ್ಳಿ ಖಾಲಿ ಮಾಡಿದೆವು. ಮಡಿಲಲ್ಲಿ ತುಂಬಿಕೊಂಡೇ ಒಯ್ದೆವು. ಆ ದಿನ ಯಾರೂ ಬೆನ್ನು ತಿರುಗಿಸಲಿಲ್ಲ, ಯಾರೂ ನಾಚಿಕೊಳ್ಳಲಿಲ್ಲ. ಮೈಸೂರಿನ ವ್ಯಾನು ಬಂದ ಹಾಗೇ ಹಿಂತಿರುಗಿತು. ಹೊರಡುವಾಗ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವರು ಕಂಟ್ರಾಕ್ಟರ್. ಬೈಪಾಸ್ ಆದವರು ಭಾರ ಹೊರಬಾರದೆಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. "ಬಿಡಿ ಮೇಡಂ. ನೆಕ್ಸ್ಟ್ ನಾನೇ. ಈಗಲೇ ಬುಕ್ ಮಾಡಿದ್ದೀನಿ" ಎಂದು ಮೂಗು ಒರೆಸಿಕೊಂಡರು. ಈರುಳ್ಳಿಯ ಘಾಟು ಅಂದರು. ಎಲ್ಲರೂ ಅದನ್ನೇ ಅಂದೆವು.

ಗುಂಡಿಯ ಬಳಿ ಚಾಪೆ ಸುತ್ತುವ ಮುಂಚೆ ಫಾದರ್ ನನ್ನನ್ನು ಕರೆದರು. ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಆಗ. ಪೆಟ್ಟಿಗೆಯ ಉದ್ದಕ್ಕೂ ಸರಿಯಾಗಿ ಹಿಡಿಸಿದ್ದರು. ನರೆತ ಕೂದಲಲ್ಲಿ, ಕಿವಿಯ ಪಕ್ಕ, ಈರುಳ್ಳಿಯ ಒಂದು ಗುಲಾಬಿ ಸಿಪ್ಪೆ ಅಂಟಿಕೊಂಡಿತ್ತು. ತೆಗೆದು ಎಸೆಯಲೆಂದು ಕೈ ಚಾಚಿದೆ. ಎಸೆಯಲು ಮನಸ್ಸು ಬರಲಿಲ್ಲ. ಹೂ ಮುಡಿಸಿದ ಹಾಗೆ ಅದನ್ನು ಅಲ್ಲೇ ಸರಿ ಮಾಡಿ ಸಿಕ್ಕಿಸಿ, ಕೈ ಹಿಂದಕ್ಕೆ ತೆಗೆದುಕೊಂಡೆ.