ಫೋಟೋ ಮಾವನ ಸೊಂಟ

ಇಡೀ ಬೀದಿಯವರ ಗದ್ದ ಎತ್ತಿಸಿ, ಭುಜ ನೆಟ್ಟಗೆ ಮಾಡಿಸಿ ಫೋಟೋ ತೆಗೆದ ಫೋಟೋ ಮಾವನದೇ ಒಂದು ಫೋಟೋ ಅವನ ಮನೆಯಲ್ಲಿರಲಿಲ್ಲ. ಇದು ಅವನ ಹೆಂಡತಿಯ ಬಹುಕಾಲದ ದೂರು. ಮದುವೆ ದಿನದ್ದೊಂದು ಇತ್ತು, ಅಷ್ಟೇ. ಅದರಲ್ಲಿದ್ದ ಕಡ್ಡಿ ಪೈಲ್ವಾನ ಮಾವನೆಂದರೆ ಯಾರೂ ನಂಬುತ್ತಿರಲಿಲ್ಲ. ಆಮೇಲಿನ ಚಿತ್ರಗಳಲ್ಲೆಲ್ಲ ಮಾವ ಕ್ಯಾಮೆರಾದ ಹಿಂದೆ. ಹೊಟ್ಟೆ ಬಚ್ಚಿಡಲು ಅಷ್ಟು ಪ್ರಶಸ್ತವಾದ ಸ್ಥಳ ಬೇರೆಲ್ಲಿದೆ?

ಸ್ಟುಡಿಯೋದ ಆಳೆತ್ತರದ ಕನ್ನಡಿಯಲ್ಲಿ ಗಿರಾಕಿಗಳು ತಲೆ ಬಾಚಿಕೊಂಡು ಹೋದ ಮೇಲೆ ಮಾವ ಅಡ್ಡಡ್ಡ ತಿರುಗಿ ತನ್ನನ್ನು ನೋಡಿಕೊಳ್ಳುತ್ತಿದ್ದ. ಬೇಜಾರಾಗುತ್ತಿತ್ತು. ಬೇಜಾರಾದರೆ ಒಳಕೋಣೆಗೆ ಹೋಗಿ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದ. ಖಾಲಿಯಾಗುವ ತನಕ ಕೈ ನಿಲ್ಲುತ್ತಿರಲಿಲ್ಲ. ಖಾಲಿಯಾದ ಮೇಲೆ ಇನ್ನಷ್ಟು ಬೇಜಾರು. (ಈ ಗಾಡಿಗೆ ಬ್ರೇಕ್ ಇರಲಿಲ್ಲ.)

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಹೆಂಡತಿ ಪಟ್ಟು ಹಿಡಿದಳು. "ನನಗೆ ಒಡವೆ ಬೇಡ, ಬಟ್ಟೆ ಬೇಡ. ನಾವಿಬ್ಬರೂ ಇರೋ ಒಂದು ಫೋಟೋ ಬೇಕು."

"ತೂಕ ಇಳಿಸ್ತೀನಿ ಕಣೇ, ಆಮೇಲೆ ತೆಗೆಯೋಣ."

"ನೀವು ಇಳಿಸೋ ಹೊತ್ತಿಗೆ ನನ್ನ ಹಲ್ಲು ಬಿದ್ದಿರುತ್ತೆ."

ಮಾವ ಒಪ್ಪಿದ, ಘನಂದಾರಿ ಉಪಾಯವೊಂದು ಹೊಳೆದಿತ್ತು. ಕ್ಯಾಮೆರಾ ತಾನೇ ಕ್ಲಿಕ್ಕಿಸುವಂತೆ ಇಟ್ಟು, ಓಡಿಬಂದು ಹೆಂಡತಿಯ ಪಕ್ಕ ನಿಂತ. ಬಳಿಕ ಕಂಪ್ಯೂಟರಿನ ಮುಂದೆ ಕೂತು ತನ್ನ ಹೊಟ್ಟೆಯನ್ನು ಸವರತೊಡಗಿದ. ಊರಿನವರ ಮೊಡವೆ, ಬೊಕ್ಕತಲೆಗಳನ್ನು ಸರಿಪಡಿಸಿದ ಕೈ ಅದು. ಸೊಂಟ ಬಂತು, ದವಡೆ ಬಂತು. ಆದರೆ ಗಂಡ ಸಣ್ಣಗಾದಂತೆಲ್ಲ ನಡುವೆ ಜಾಗ ತೆರವಾಗಿ, ಅವನ ತೋಳು ಹಿಡಿದಿದ್ದ ಹೆಂಡತಿ ಗಾಳಿ ಹಿಡಿದುಕೊಂಡಂತೆ ಕಂಡಳು. ಅದನ್ನು ಮುಚ್ಚಲು ಅವಳನ್ನು ಚೂರು ಅಗಲಕ್ಕೆ ಎಳೆದ. ಇನ್ನೂ ಚೂರು ಎಳೆದ. ತನ್ನ ಸೊಂಟದ ಮೇಲೇ ಕಣ್ಣಿದ್ದವನಿಗೆ ಎಷ್ಟು ಎಳೆದೆನೆಂಬುದು ತಿಳಿಯಲೇ ಇಲ್ಲ. ಚೌಕಟ್ಟು ಹಾಕಿಸಿ ಮನೆಗೆ ತಂದ.

ಹೆಂಡತಿ ಬಹಳ ಹೊತ್ತು ನೋಡಿದಳು. "ರೀ, ಇವರು ಯಾರು?"

"ನಾನೇ ಕಣೇ."

"ಈ ಯಪ್ಪನ್ನ ಕೇಳಲಿಲ್ಲ. ಪಕ್ಕದಲ್ಲಿರೋ ಯಮ್ಮ?"

ಮಾವ ಆಗ ನೋಡಿದ.

"ನಿಮ್ಮ ಹೊಟ್ಟೇನ ನನಗೆ ಹೊರಿಸಿದ್ದೀರಲ್ಲ, ಒಂದು ಮಾತು ಕೇಳೋದು ಬೇಡ್ವಾ?"

"ಸರಿ ಮಾಡ್ತೀನಿ, ಇಲ್ಲೊಂಚೂರು ಒತ್ತಿದ್ರೆ..."

"ಏನೂ ಒತ್ತಬೇಡಿ. ನಾನು ಕೇಳಿದ್ದು ಇಷ್ಟು ವರ್ಷ ಪಕ್ಕದಲ್ಲಿ ಗೊರಕೆ ಹೊಡೆದವರ ಫೋಟೋ. ಈ ಯಪ್ಪನ್ನ ಕಟ್ಟಿಕೊಂಡು ನನಗೇನಾಗಬೇಕು?"

ಮರುದಿನ ಅವನನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ, ಕ್ಯಾಮೆರಾದ ಹಿಂದೆ ಅವಳೇ ನಿಂತಳು. "ಗದ್ದ ಮೇಲೆ. ಭುಜ ನೆಟ್ಟಗೆ." ಮಾವ ಹೊಟ್ಟೆ ಎಳೆದುಕೊಂಡು ಕೆಂಪಾದ.

"ಉಸಿರು ಬಿಡಿ."

"ಬಿಟ್ರೆ ಎಲ್ಲ ಹೊರಗೆ ಬರುತ್ತೆ."

"ಬರಲಿ. ನನಗೇನು ಹೊಸದಾ?"

ಅವನಿಗೆ ನಗು ಬಂತು, ಹೊಟ್ಟೆ ಬಂತು, ಅಂಗಿಯ ಗುಂಡಿಯೊಂದು ಹಾರಿತು. ಅಷ್ಟರಲ್ಲಿ ಅವಳು ಬಟನ್ ಒತ್ತಿ ಓಡಿಬಂದು ಅವನ ತೋಳು ಹಿಡಿದಾಗಿತ್ತು; ಕ್ಯಾಮೆರಾ ಕ್ಲಿಕ್ಕೆಂದಿತು. ಆ ಗುಂಡಿಯನ್ನಾದರೂ ಕಂಪ್ಯೂಟರಿನಲ್ಲಿ ಹಾಕಿಕೊಡುತ್ತೇನೆಂದು ಮಾವ ಗೋಗರೆದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲದ ಚಳಿಗಾಲದಲ್ಲಿ ಮಾವ ತೀರಿಕೊಂಡ. ಅಳುತ್ತ ಬಂದ ಬೀದಿಯವರು ಗೋಡೆಯ ಮೇಲಿದ್ದ ಆ ಚಿತ್ರದ ಮುಂದೆ ನಿಂತು, ತಡೆಯಲಾಗದೆ ನಕ್ಕುಬಿಟ್ಟರು. ಆಮೇಲೆ ನಾಚಿ ಅವಳತ್ತ ನೋಡಿದರು.

"ನಗಿ," ಎಂದಳು ಅವಳು. "ಪೂರ್ತಿ ಅವರೇ ಇದ್ದಾರೆ, ಒಂಚೂರೂ ಕಮ್ಮಿಯಿಲ್ಲ."