ಪತ್ರಿ ಕುದಿಸುವ ನಮ್ಮತ್ತಿಗೆ

ನಮ್ಮತ್ತಿಗೆಯನ್ನು ಮದುವೆಗೆ ಕರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಾಗಿಲಿಗೆ ಎರಡು ತೋರಣ ಕಟ್ಟಿಸಿ! ಒಂದು ಮುಹೂರ್ತಕ್ಕೆ, ಇನ್ನೊಂದು ಅತ್ತಿಗೆಯ ವ್ಯಾನಿಟಿ ಬ್ಯಾಗಿಗೆ. ಕಂಪ್ಲಿಯಲ್ಲಿ ಸ್ವಂತ ತಂಗಿಯ ಮದುವೆಯಲ್ಲೇ ಊಟದ ಹೊತ್ತಿಗೆ ತೋರಣದಲ್ಲಿ ಬರೀ ದಾರ ಉಳಿದಿತ್ತು ಎಂದರೆ, ಬೇರೆಯವರ ಗತಿ ಏನು ಹೇಳಿ?

ಅತ್ತಿಗೆ ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಹುಚ್ಚು ಹತ್ತಿತು. ಮಾವಿನೆಲೆ ಕುದಿಸಿ ಸೋಸುವುದು, ಆ ರಸಕ್ಕೆ ಸತುವಿನ ಉಪ್ಪು ಬೆರೆಸುವುದು, ಕಾಲೇಜಿನ ಕುಲುಮೆಯಲ್ಲಿ ಸುಡುವುದು. ಇಷ್ಟೆಲ್ಲ ಆದಮೇಲೆ ಸಿಗುವುದು ಒಂದು ಚಮಚ ಬಿಳಿ ಪುಡಿ. ಅದರ ಒಂದೊಂದು ಕಣ ಕೂದಲೆಳೆಯನ್ನು ಸಾವಿರ ಸೀಳು ಸೀಳಿದಷ್ಟು ಸಣ್ಣದಂತೆ. ಜಿಂಕ್ ಆಕ್ಸೈಡ್ ನ್ಯಾನೋ ಕಣ!

"ಕಣ್ಣಿಗೆ ಕಾಣದ್ದನ್ನ ಮಾಡಾಕ ಇಷ್ಟ್ ವರ್ಷ ಬೇಕೇನ್ರಿ?" ಎಂದೆ.

"ನಿನಗೂ ಮೂವತ್ತೈದು ಆತು. ಬುದ್ಧಿ ಎಲ್ಲಿ ಕಾಣ್ತದ?"

ಅಂದಿನಿಂದ ನಾನು ವಿಜ್ಞಾನವನ್ನು ಪ್ರಶ್ನಿಸುವುದನ್ನು ಬಿಟ್ಟೆ.

ಆದರೆ ನಮ್ಮವ್ವ ಬಿಡುವವಳಲ್ಲ. "ಈ ಪುಡಿಯಿಂದ ಏನಾಗ್ತದವಾ?" ಎಂದು ಸೊಸೆಯನ್ನು ಕೇಳಿದಳು. ಅತ್ತಿಗೆ ಮಾಡಿಯೇ ತೋರಿಸಿದರು. ನನ್ನ ಹೊಸ ಜೀನ್ಸ್ ಪ್ಯಾಂಟು ನೆನೆಸಿದ ನೀಲಿ ನೀರನ್ನು ಗಾಜಿನ ಪಾತ್ರೆಗೆ ಬಸಿದು, ಅದಕ್ಕೆ ಪುಡಿ ಉದುರಿಸಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಸಂಜೆಗೆ ನೀರು ತಿಳಿಯಾಗಿತ್ತು! ಪುಡಿ ಮತ್ತು ಬಿಸಿಲು ಸೇರಿ ಬಣ್ಣವನ್ನು ಒಡೆಯುತ್ತವಂತೆ. ನಾವಿರುವ ಚಿತ್ತವಾಡ್ಗಿಯ ಬಿಸಿಲನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅವ್ವ ಪಾತ್ರೆಯನ್ನು ಬಹಳ ಹೊತ್ತು ನೋಡಿದಳು.

"ನೀರು ತಿಳಿ ಆತು, ಖರೆ. ಪ್ಯಾಂಟ್ ಯಾರು ಒಗೀತಾರ?"

ಅಷ್ಟರಲ್ಲಿ ಅತ್ತಿಗೆಯ ಗೈಡು ತಕರಾರು ತೆಗೆದರು. ಮಾವಿನೆಲೆಯಲ್ಲಿ ಎಲ್ಲರೂ ಮಾಡಿಯಾಗಿದೆ, ಬೇರೆ ಎಲೆ ಹುಡುಕಿ ಎಂದರು. ಹುಡುಕಾಟ ಶುರುವಾಯಿತು. ದರೋಜಿಗೆ ಕರಡಿ ನೋಡಲು ಹೋದೆವು. ಎದುರಿನ ಬಂಡೆಯ ಮೇಲೆ ಕರಡಿ, ಬೆನ್ನ ಮೇಲೆ ಮರಿ! ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರೆ ಅತ್ತಿಗೆ ಪೊದೆಯೊಂದಕ್ಕೆ ಕೈ ಹಾಕಿದ್ದರು. ಕಾವಲುಗಾರ ಕೈಮುಗಿದ.

"ಅಕ್ಕಾರ, ಕರಡಿಗಾದ್ರೂ ಒಂದೀಟು ಉಳಸ್ರಿ!"

ಕೊನೆಗೆ ಬೇಕಾದ ಎಲೆ ನಮ್ಮ ಹಿತ್ತಲಲ್ಲೇ ಸಿಕ್ಕಿತು. ಅವ್ವನ ಬಿಲ್ವದ ಗಿಡ! ದಿನಾ ಬೆಳಿಗ್ಗೆ ಶಿವನಿಗೆ ಪತ್ರಿ ಏರಿಸದೆ ನಮ್ಮವ್ವ ಚಹಾ ಕುಡಿಯುವುದಿಲ್ಲ. ಮನೆಯಲ್ಲಿ ಎರಡು ದಿನ ರಂಪ ನಡೆಯಿತು. "ದೇವರ ಪತ್ರಿ ಗ್ಯಾಸ್ ಮ್ಯಾಲಿಟ್ಟು ಕುದಸ್ತಾಳಂತ!" ಮೂರನೆಯ ದಿನ ಅವ್ವ ತಾನಾಗಿ ಒಪ್ಪಿದಳು. ಷರತ್ತು ಒಂದೇ: ಸೋಮವಾರ ಪತ್ರಿ ಹರಿಯುವಂತಿಲ್ಲ. ಹಾಗಾಗಿ ಭಾನುವಾರಕ್ಕೊಮ್ಮೆ ನಮ್ಮ ಅಡುಗೆಮನೆ ಲ್ಯಾಬಾಯಿತು. ಕುದಿಸಿ, ಸೋಸಿ, ಬಾಟಲಿಗೆ ತುಂಬಿ ಆರಲು ಬಿಟ್ಟು ಅತ್ತಿಗೆ ಸ್ನಾನಕ್ಕೆ ಹೋಗುತ್ತಿದ್ದರು.

ಪುಡಿಯನ್ನು ದೊಡ್ಡ ಮಿಷನ್ನಿನಲ್ಲಿ ಪರೀಕ್ಷಿಸಿದರೆ ಕಾಗದದ ಮೇಲೆ ಮುಳ್ಳಿನಂಥ ಗೆರೆಗಳು ಮೂಡುತ್ತವೆ. ಯಾವ ಮುಳ್ಳು ಎಲ್ಲಿರಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಒಂದು ಮುಳ್ಳು ಕರೆಯದೆ ಬಂದು ನಿಂತಿತ್ತು. ಸುಣ್ಣದ ಅಂಶ! ಅತ್ತಿಗೆ ನೀರು ಬದಲಿಸಿದರು, ಪಾತ್ರೆ ಬದಲಿಸಿದರು. ಎರಡನೆಯ ಸಲ ಮುಳ್ಳು ಇನ್ನೂ ಎತ್ತರವಾಯಿತು, ಮೂರನೆಯ ಸಲ ಮತ್ತಷ್ಟು! ಸಂಡೂರಿನ ಅದಿರು ಲಾರಿಗಳ ಧೂಳೇ ಇದಕ್ಕೆ ಕಾರಣ ಎಂದು ನಾನು ತೀರ್ಪು ಕೊಟ್ಟೆ.

"ಅದು ಕಬ್ಬಿಣ, ಇದು ಸುಣ್ಣ. ಬಾಯಿ ಮುಚ್ಚು" ಎಂದರು ಅತ್ತಿಗೆ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ನಾಲ್ಕನೆಯ ಸಲವೂ ಹೀಗೇ ಆದರೆ ವಿಷಯವನ್ನೇ ಬದಲಿಸಿ ಎಂದಿದ್ದರು ಗೈಡು. ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗುತ್ತಿತ್ತು. ತೋರಣದ ಕೆಳಗೇ ಹಾದುಹೋದರೂ ತಲೆ ಎತ್ತಿ ನೋಡದ ಅತ್ತಿಗೆಯನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ನಾಲ್ಕನೆಯ ಭಾನುವಾರ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಪೂಜೆ ಮುಗಿಸಿ ಬಂದ ಅವ್ವ ಅತ್ತಿತ್ತ ನೋಡಿ, ಬಾಟಲಿಯ ಮುಚ್ಚಳ ತೆಗೆದು, ಏನೋ ಉದುರಿಸಿ, ಕಣ್ಣು ಮುಚ್ಚಿ ಕೈಮುಗಿದಳು. ವಿಭೂತಿ!

"ಅವ್ವಾ, ಏನ್ ಮಾಡ್ತಿ?"

"ಸುಮ್ನಿರಲೇ. ಆಕಿ ಎಷ್ಟ್ ಒದ್ದಾಡ್ತಾಳ, ನೋಡಾಕ ಆಗವಲ್ದು. ಶಿವ ಕೈ ಹಿಡೀಲಿ ಅಂತ ಪ್ರತಿ ವಾರ ಒಂದ್ ಚಿಟಿಕಿ ಹಾಕ್ತೀನಿ. ಕೆಲಸ ಕೆಟ್ಟಾಗೆಲ್ಲ ಒಂದೀಟು ಜಾಸ್ತಿ ಹಾಕೀನಿ!"

ಒದ್ದೆ ತಲೆಯಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡರು. ವಿಭೂತಿಯಲ್ಲಿ ಸುಣ್ಣದ ಅಂಶ ಇರುತ್ತದೆಂದು ತಿಳಿದಾಗ ಅವ್ವನ ಮುಖ ಬಾಡಿಹೋಯಿತು. "ನನ್ನಿಂದ ಕೆಟ್ತೇನ ಯವ್ವಾ?" ಅತ್ತಿಗೆ ಹತ್ತಿರ ಬಂದರು. ಅವ್ವನ ಕೈಯನ್ನು ಹಿಡಿದು ತಮ್ಮ ಹಣೆಗೆ ತಂದರು.

"ಅತ್ತಿ, ಬಾಟ್ಲಿಗೆ ಬ್ಯಾಡ್ರಿ. ಇಲ್ಲಿ ಹಚ್ರಿ."

ಮರುವಾರದ ಪುಡಿಯ ರಿಪೋರ್ಟಿನಲ್ಲಿ ಆ ಮುಳ್ಳು ಇರಲಿಲ್ಲ. ಸಂಭ್ರಮದಲ್ಲಿ ನಾನು ಹಳೆಯ ಮೂರು ಪುಡಿ ಬಾಟಲಿಗಳನ್ನು ಕಸಕ್ಕೆ ಹಾಕಹೋದೆ. ಅತ್ತಿಗೆ ಕಿತ್ತುಕೊಂಡರು. ಚೀಟಿಯ ಮೇಲೆ 'ಅಶುದ್ಧ' ಎಂದು ಬರೆದಿದ್ದನ್ನು ಹೊಡೆದುಹಾಕಿ 'ಅತ್ತೆಯವರದು' ಎಂದು ಬರೆದಿದ್ದರು. ಅವ್ವನಿಗೆ ಓದಲು ಬಾರದು, ನಾನೇ ಓದಿ ಹೇಳಿದೆ. ಆಕೆ ಅಳುಕುತ್ತಲೇ ಸೊಸೆಯನ್ನು ಕೇಳಿದಳು:

"ಇದರಾಗೂ ನೀರು ತಿಳಿ ಆಗ್ತದೇನವಾ?"

"ಆಗ್ತದ್ರಿ ಅತ್ತಿ. ಒಂದೀಟು ತಡ ಆಗ್ತದ, ಅಷ್ಟ."

ಈಗ ಮಾಳಿಗೆಯ ಮೇಲೆ, ಆ ಪುಡಿ ಉದುರಿಸಿದ ನನ್ನ ಪ್ಯಾಂಟಿನ ನೀಲಿ ನೀರು ಬಿಸಿಲಿಗಿದೆ. ಕಾಗೆ ಬಾಯಿ ಹಾಕದಂತೆ ಅವ್ವ ಕೊಡೆ ಹಿಡಿದು ಕಾಯುತ್ತಿದ್ದಾಳೆ. ಕೊಡೆಯ ನೆರಳು ಪಾತ್ರೆಯ ಮೇಲೆ ಬಿದ್ದಾಗಲೆಲ್ಲ ಅತ್ತಿಗೆ ಸದ್ದಿಲ್ಲದೆ ಪಾತ್ರೆಯನ್ನು ಬಿಸಿಲಿಗೆ ಸರಿಸುತ್ತಿದ್ದಾರೆ.