ಹಿಂಡುವ ಎಮ್ಮೆಯ ಅಳತೆ

ಘೋಡಗೇರಿಯ ಅಣ್ಣಾಸಾಹೇಬನ ಮಾತು ಊರೆಲ್ಲ ನಡೆಯುತ್ತಿತ್ತು, ಮನೆಯ ಹೊಸ್ತಿಲ ಒಳಗೆ ಮಾತ್ರ ನಡೆಯುತ್ತಿರಲಿಲ್ಲ. ಎಮ್ಮೆಗೆ ಜಂತುಹುಳವಾಗಿ, ಹಾಲು ಅರ್ಧಕ್ಕಿಳಿದು, ಚಹಾ ಕರ್ರಗಾಗುವ ಕಾಲ ಬಂದರೂ ಹೆಂಡತಿ ಕೆಂಚವ್ವನದು ಒಂದೇ ಹಟ. ಹಿಂಡುವ ಎಮ್ಮೆಯನ್ನು ಅಳೆಯಬಾರದು, ದೃಷ್ಟಿಯಾಗುತ್ತದೆ.

ಹುಕ್ಕೇರಿಯ ದನದ ಡಾಕ್ಟರು ತೂಕ ತಿಳಿಯದೆ ಔಷಧ ಕೊಡುವವರಲ್ಲ. ಎದೆಯ ಸುತ್ತಳತೆ, ಭುಜದಿಂದ ಬಾಲದ ಬುಡದವರೆಗಿನ ಉದ್ದ, ಎರಡನ್ನೂ ತಂದರೆ ಲೆಕ್ಕ ಹಾಕಿ ತೂಕ ಹೇಳುತ್ತೇನೆ ಎಂದಿದ್ದರು. ಹೊಲಿಗೆಯ ಟೇಪು ಎದೆಯನ್ನು ಸುತ್ತಿ ಬರಲಾರದೆ ಸೋತಿತು. ಅಣ್ಣಾಸಾಹೇಬ ಹಗ್ಗ ಹಿಡಿದ. ಎಮ್ಮೆ ಅವನ ಕಾಲು ತುಳಿದು, ಸೆಗಣಿ ಬಾಲದಿಂದ ಮುಖಕ್ಕೆ ಮಂಗಳಾರತಿ ಮಾಡಿದ ಮೇಲೆ ಎದೆಗೊಂದು, ಉದ್ದಕ್ಕೊಂದು ಗಂಟು ಬಿತ್ತು. (ಕೆಂಚವ್ವ ಕಂಬಕ್ಕೊರಗಿ ನೋಡಿದಳೇ ಹೊರತು ಕೈ ಹಚ್ಚಲಿಲ್ಲ.) ಈ ಮಹತ್ಕಾರ್ಯದಿಂದ ದಣಿದ ಯಜಮಾನರು ಉಂಡು, ಕಟ್ಟೆಯ ಮೇಲೆ ಗೊರಕೆ ಹೊಡೆದು, ಎದ್ದು ಹಗ್ಗದೊಡನೆ ಬಸ್ಸು ಹತ್ತಿದರು.

ಡಾಕ್ಟರು ಗಂಟು ಅಳೆದು, ಗುಣಿಸಿ ಭಾಗಿಸಿ, ಕನ್ನಡಕ ಮೇಲೇರಿಸಿದರು.

"ಅರವತ್ತ ಕಿಲೋ. ಯಜಮಾನ್ರ, ಇದು ಎಮ್ಮಿ ಅಲ್ರಿ, ಕರ. ಇಲ್ಲಾಂದ್ರ ನಿಮ್ಮ ಅಳತಿ ತಪ್ಪೈತಿ."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಅಳತೆ ತಪ್ಪೆಂದು ಅಷ್ಟು ಮಂದಿಯ ಮುಂದೆ ಒಪ್ಪುವುದೆಂತು? ಮಾನ ದೊಡ್ಡದೋ ಎಮ್ಮೆ ದೊಡ್ಡದೋ ಎಂದು ಯೋಚಿಸಿ, ಮೂರು ಸಲ ಈದ ಎಮ್ಮೆಯನ್ನು ಅಣ್ಣಾಸಾಹೇಬ ಅಲ್ಲೇ ಕರುವನ್ನಾಗಿ ಮಾಡಿಬಿಟ್ಟ. ಹೊಟ್ಟೆ ಮುಂದೆ ಬಂದಿದೆಯೇ ಎಂದು ಡಾಕ್ಟರು ಕೇಳಿದ್ದಕ್ಕೂ ಹೂಂ ಎಂದ. ಕೈಗೆ ಸಣ್ಣದೊಂದು ಬಾಟಲಿ ಬಂತು.

ಮನೆಗೆ ಬಂದವನೇ ಹಗ್ಗವನ್ನು ಅಂಗಳಕ್ಕೆ ಬಿಸಾಡಿ, ಎಮ್ಮೆಗೆ, ಡಾಕ್ಟರಿಗೆ, ಲೆಕ್ಕ ಕಂಡುಹಿಡಿದವನಿಗೆ ಸೇರಿಸಿ ಬೈದ. ಕೆಂಚವ್ವ ಜೋಳದ ಡಬ್ಬಿಯೊಳಗಿಂದ ಇನ್ನೊಂದು ಹಗ್ಗ ತೆಗೆದಳು.

"ಹಿಂಡೂ ಎಮ್ಮಿ ಅಳತಿ ಬಸ್ಸಿನಾಗ ಮಂದಿಗೆ ತೋರಿಸ್ಕೋತ ಹೋಗೂದೇನ್ರಿ? ಖರೆ ಹಗ್ಗ ಇಲ್ಲೇ ಐತಿ. ನೀವು ಕಟ್ಟಿ ಮ್ಯಾಲ ಮಲಗಿದ್ರಲ್ಲ, ಆವಾಗ ಬ್ಯಾರೆ ಹಗ್ಗಕ್ಕ ನಿಮ್ಮ ಅಳತಿ ಗಂಟ ಹಾಕಿ, ಅದನ್ನ ನಿಮ್ಮ ಬಾಜೂಕ ಇಟ್ನಿ. ದೃಷ್ಟಿ ತಾಗಿದ್ರ ನಿಮಗ ತಾಗ್ಲಿ, ನೀವೇನ್ ಹಾಲ ಕೊಡ್ತೀರೇನ?"

ಅಣ್ಣಾಸಾಹೇಬ ಅಂಗಳದ ಹಗ್ಗವನ್ನೆತ್ತಿ ಅವಳ ಕೈಯ ಹಗ್ಗದ ಪಕ್ಕ ಹಿಡಿದು ನೋಡಿದ. ಹಾಗಾದರೆ ಎಮ್ಮೆಯ ಗತಿ ಏನು ಎಂದು ಕಡೆಗೆ ಕೇಳಿದ.

"ಎಮ್ಮೀ ಔಷಧ ನಾಳೆ ನಾನ ತರ್ತೇನಿ, ಹಗ್ಗ ಸೆರಗಿನ್ಯಾಗ ಮುಚ್ಕೊಂಡು. ಈ ಬಾಟ್ಲಿ ನಿಮ್ಮ ತೂಕಕ್ಕ ಕೊಟ್ಟದ್ದು. ಹೊಟ್ಟಿನೂ ಮುಂದ ಬಂದೈತಿ, ಸುಮ್ಮ ಹಾಳ ಮಾಡೂದ್ಯಾಕ?"

ಹೀಗೆಂದವಳೇ, ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ಗೂಟದಿಂದ ಇಳಿಸಿ ತೊಳೆಯತೊಡಗಿದಳು.